ಅತ್ತೆಯ ಕೈ ಅಳತೆಯ ಚಾಕು

ಒಂದು ಅಡುಗೆಮನೆ ಚಾಕುವಿಗೆ ಸಾವಿರದ ಇನ್ನೂರು ರೂಪಾಯಿ ಕೊಟ್ಟವಳು ನಾನು. ಸಾತನೂರು ಸಂತೆಯಲ್ಲಿ ಪ್ಲಾಸ್ಟಿಕ್ ಹಿಡಿಯ ಚಾಕು ಹದಿನೈದು ರೂಪಾಯಿಗೆ ಸಿಗುತ್ತಿದ್ದ ಕಾಲ ಅದು. ಈಗ ನಮ್ಮ ಕಡೆಯ ಹೆಣ್ಣುಮಕ್ಕಳು ಕೈಕೆಲಸದ ಚಾಕುಗಳ ಬೆಲೆ ಕೇಳಿ ಬಾಯಿ ಬಿಡುತ್ತಾರೆ, ಅಷ್ಟು ಕೊಡಬಹುದಾ ಎಂದು ನನ್ನನ್ನೇ ಕೇಳುತ್ತಾರೆ. ಹೂಂ ಎನ್ನಲೂ ಆಗುವುದಿಲ್ಲ, ಊಹೂಂ ಎನ್ನಲೂ ಆಗುವುದಿಲ್ಲ. ನಡೆದದ್ದನ್ನು ಹೇಳಬಲ್ಲೆ, ಅಷ್ಟೆ.

ನಮ್ಮ ಅತ್ತೆಗೆ ಲಕ್ವ ಹೊಡೆದದ್ದು ಕಾರ್ತಿಕ ಮಾಸದಲ್ಲಿ. ಹಿತ್ತಲಿನಲ್ಲಿ ಹಸುವಿಗೆ ಬೂಸ ಕಲಸುತ್ತಿದ್ದವರು ಹಾಗೆಯೇ ಕುಸಿದರು. ಕನಕಪುರದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆವು. ಮಾತು ಉಳಿಯಿತು, ನುಂಗುವುದು ಉಳಿಯಿತು, ಅದಕ್ಕೆ ದೇವರಿಗೆ ಕೈ ಮುಗಿದೆ. ಬಲಗೈ, ಬಲಗಾಲು ಮಾತ್ರ ಅರ್ಧಕ್ಕೆ ನಿಂತವು. ಬೆರಳು ಮಡಿಸಬಲ್ಲರು, ಬಿಗಿಹಿಡಿಯಲಾರರು. ತೋಳು ಒಂದು ಗೇಣು ಏಳುತ್ತಿತ್ತು, ಮತ್ತೆ ಇಳಿಯುತ್ತಿತ್ತು.

ನಮ್ಮ ಸುತ್ತಿನ ಊರುಗಳಲ್ಲಿ ತರಕಾರಿ ಹೆಚ್ಚುವುದೆಂದರೆ ಅತ್ತೆಯ ಹೆಸರು ಬರುತ್ತಿತ್ತು. ಮದುವೆ ಮನೆಗಳಲ್ಲಿ ಹೆಂಗಸರೆಲ್ಲ ಈಳಿಗೆಮಣೆ ಹಾಕಿಕೊಂಡು ಸಾಲಾಗಿ ಕೂತರೆ ಮೊದಲ ಮಣೆ ಅವರದು. ಅವರು ಹೆಚ್ಚಿದ ಹುರುಳಿಕಾಯಿಯ ಎರಡು ಚೂರನ್ನು ಪಕ್ಕದಲ್ಲಿಟ್ಟು ನೋಡಿದರೆ ಎಳ್ಳಷ್ಟೂ ವ್ಯತ್ಯಾಸ ಇರುತ್ತಿರಲಿಲ್ಲ. ನಾನು ಸೊಸೆಯಾಗಿ ಬಂದ ಮೇಲೆ ಒಲೆ ಬಿಟ್ಟುಕೊಟ್ಟರು, ಡೈರಿಗೆ ಹಾಲು ಹಾಕುವುದನ್ನು ಬಿಟ್ಟುಕೊಟ್ಟರು, ಈಳಿಗೆಮಣೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. "ನೀನು ಹೆಚ್ಚಿದ್ರೆ ಒಂದು ಚೂರು ಬೆಂದು ಇನ್ನೊಂದು ನಗ್ತದೆ" ಎನ್ನುವರು.

ಈಳಿಗೆಮಣೆಗೆ ನೆಲದ ಮೇಲೆ ಕೂರಬೇಕು, ಒಂದು ಕಾಲು ಮಣೆಯ ಮೇಲೆ ಊರಬೇಕು, ಎರಡು ಕೈ ಬೇಕು. ಅವರಿಗೆ ಮೂರೂ ಇರಲಿಲ್ಲ. ಸಂತೆಯ ಚಾಕು ತಂದುಕೊಟ್ಟೆ. ಅದರ ಸಣಕಲು ಹಿಡಿ ಬೆರಳ ಸಂದಿಯಿಂದ ಜಾರಿ ಬೀಳುತ್ತಿತ್ತು. ಮೂರು ಸಲ ಬಿದ್ದ ಮೇಲೆ ಎತ್ತಿಕೊಡು ಎಂದೂ ಕೇಳಲಿಲ್ಲ.

ಅಲ್ಲಿಂದ ಊಟ ಕಡಿಮೆ ಮಾಡಿದರು. ಒಂದು ಮುದ್ದೆ ಉಣ್ಣುವವರು ಅರ್ಧ ಮುರಿದು ತಟ್ಟೆಯಂಚಿಗೆ ಸರಿಸುವರು. "ಹಸಿವಿಲ್ವಾ ಅತ್ತೆ?" ಎಂದರೆ, "ಗೆಯ್ಮೆ ಇಲ್ದಿರೋ ಎತ್ತಿಗೆ ಯಾರಮ್ಮಿ ಬೂಸ ಇಕ್ತಾರೆ?" ಎನ್ನುವರು. ತಮಾಷೆಯ ಹಾಗೆ ಹೇಳುತ್ತಿದ್ದರು. ಆದರೆ ಒಂದೂವರೆ ತಿಂಗಳಲ್ಲಿ ರವಿಕೆಗಳೆಲ್ಲ ಸಡಿಲವಾದವು, ಭುಜದ ಮೂಳೆ ಎದ್ದು ಕಂಡಿತು. ಕೈಗೆ ಕೆಲಸ ಸಿಗದಿದ್ದರೆ ಇವರು ಅನ್ನ ಬಿಟ್ಟೇ ಹೋಗುತ್ತಾರೆ ಎಂದು ನನಗೆ ಖಚಿತವಾಯಿತು.

ಪಕ್ಕದ ಊರಿನ ಆಚಾರಿಯ ಬಳಿಗೆ ಹೋದೆ. ಹಿಂದೆ ನೇಗಿಲ ಗುಳ, ಕುಡುಗೋಲು, ಮಚ್ಚು ಎಲ್ಲ ಅವರ ಕುಲುಮೆಯಲ್ಲೇ ಆಗುತ್ತಿತ್ತು. ಹಾರೋಹಳ್ಳಿ ಕಡೆ ಕಾರ್ಖಾನೆಗಳು ಎದ್ದು, ಅಲ್ಲಿ ದುಡಿಯುವವರಿಗೆಂದು ಸಾಲುಮನೆಗಳು ಏಳತೊಡಗಿದ ಮೇಲೆ ಅವರು ವೆಲ್ಡಿಂಗ್ ಮಿಷನ್ ತಂದು ಗೇಟು, ಕಿಟಕಿ ಸರಳಿನ ಕೆಲಸಕ್ಕೆ ಇಳಿದಿದ್ದರು. ಕುಲುಮೆಯ ಮೇಲೆ ಕೋಳಿ ಮೊಟ್ಟೆಯಿಟ್ಟಿತ್ತು.

"ಚಾಕಾ? ಸಂತೇಲಿ ಸಿಗ್ತದಲ್ಲವ್ವ" ಎಂದರು.

"ಸಂತೇದು ಅತ್ತೆ ಕೈಲಿ ನಿಲ್ಲಾಕಿಲ್ಲ ಕಣಣ್ಣ."

ಅವರು ಮಿಷನ್ ಆರಿಸಿದರು. "ಕೈ ಎತ್ತಾರಾ?"

"ಒಸಿ ಎತ್ತಾರೆ."

"ಇಳಿಸ್ತಾರಾ?"

"ಅದೇ ಇಳೀತದೆ."

"ಅಂಗಾದ್ರೆ ತೂಕ ಚಾಕಲ್ಲಿರ್ಲಿ. ಅವ್ರು ಎತ್ತಿದ್ರೆ ಸಾಕು, ಕುಯ್ಯೋದು ಅದೇ ಕುಯ್ಕೊಳ್ಳಲಿ." ಆಮೇಲೆ ಒಂಬೈನೂರು ಎಂದರು. "ಬಾಯಿಗೆ ಬಂದಂಗೆ ಹೇಳ್ತಾವ್ನೆ ಅನ್ಕಬ್ಯಾಡ. ಲಾರಿ ಸ್ಪ್ರಿಂಗ್ ಪಟ್ಟೆ ಕಾಯಿಸಿ ಬಡೀಬೇಕು. ಎರಡು ದಿನ ಕುಲುಮೆ ಉರೀಬೇಕು. ಆ ಎರಡು ದಿನದಲ್ಲಿ ನಾನು ಒಂದು ಗೇಟು ಮುಗಿಸ್ತೀನಿ. ಗೇಟಿನ ಕೂಲಿ ಕೊಡು, ಚಾಕು ಬಿಟ್ಟಿ ಅನ್ಕೊ."

ಹಿಡಿಯನ್ನು ಮಾತ್ರ ಚನ್ನಪಟ್ಟಣದಲ್ಲಿ ಮಾಡಿಸು, ಗೊಂಬೆ ಕಡೆಯುವವರ ಕೈಗೆ ನಯ ಹೆಚ್ಚು, ಕೈ ಅಳತೆ ತೆಗೆದುಕೊಂಡು ಹೋಗು ಎಂದರು.

ದುಡ್ಡಿನ ವಿಷಯ ಇಲ್ಲಿ ಹೇಳಲೇಬೇಕು. ಆಸ್ಪತ್ರೆಯಲ್ಲಿದ್ದಾಗ ಅತ್ತೆಯ ಮಂಚದ ಪಕ್ಕದಲ್ಲೇ ನಿಂತು, ಅವರಿಗೂ ಕೇಳುವಂತೆ, ಊರಮ್ಮನಿಗೆ ಹರಕೆ ಹೊತ್ತಿದ್ದೆ. ಕೈ ಸರಿಹೋದರೆ ಬೆಳ್ಳಿಯ ಕೈ ಮಾಡಿಸಿ ಒಪ್ಪಿಸುತ್ತೇನೆ ಎಂದು. ಡೈರಿಯ ಹಾಲಿನ ದುಡ್ಡಿನಲ್ಲಿ ವಾರವಾರವೂ ಅಷ್ಟಿಷ್ಟು ದೇವರ ಮುಂದಿನ ಅರಿಸಿನದ ಡಬ್ಬಿಗೆ ಹಾಕುತ್ತಿದ್ದೆ, ಮೊದಲೇ ಕೈಯಲ್ಲಿದ್ದದ್ದನ್ನೂ ಸೇರಿಸಿದ್ದೆ. ಅದನ್ನು ತೆಗೆದೆ. ದೀಪ ಹಚ್ಚಿ, "ತಾಯಿ, ಕೈ ಇನ್ನೂ ಸರಿಯಾಗಿಲ್ಲ. ಆದ ದಿನ ಮತ್ತೆ ಕೂಡಿಸಿ ಕೊಡ್ತೀನಿ" ಎಂದು ಹೇಳಿಕೊಂಡೆ. ಹೇಳಿಕೊಂಡ ಮೇಲೂ ಇನ್ನೆರಡು ಸಲ ಅಡ್ಡಬಿದ್ದೆ.

ಅಳತೆ ತೆಗೆಯುವುದಕ್ಕೆ ನನಗೆ ಹೊಳೆದದ್ದು ರಾಗಿಮುದ್ದೆ. ಒಂದು ಬೆಳಿಗ್ಗೆ ಬಿಸಿ ಆರಿದ ಮುದ್ದೆಯೊಂದನ್ನು ಅತ್ತೆಯ ಬಲಗೈಗೆ ಕೊಟ್ಟು, "ಒಸಿ ಹಿಸುಕಿ ನೋಡಿ ಅತ್ತೆ, ಡಾಕ್ಟ್ರು ಹೇಳವ್ರೆ" ಎಂದೆ. ಕಣ್ಣುಮುಚ್ಚಿ ಹಿಸುಕಿದರು. ನಾಲ್ಕು ಬೆರಳು, ಒಂದು ಹೆಬ್ಬೆಟ್ಟು ಅದರಲ್ಲಿ ಇಳಿದವು. ಅನ್ನವನ್ನು ಜೇಡಿಮಣ್ಣಿನಂತೆ ಬಳಸಿದ ತಪ್ಪಿಗೆ ಕೆನ್ನೆ ಬಡಿದುಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಚನ್ನಪಟ್ಟಣದಲ್ಲಿ ಹಿಡಿ ಕಡೆದುಕೊಟ್ಟವರು ವಯಸ್ಸಾದ ಸಾಬರು. ಡಬ್ಬಿ ತೆರೆದು ನೋಡಿ, "ಏನಮ್ಮ, ಅಳತೆ ತಂದ್ಯಾ, ನನಗೆ ಊಟ ತಂದ್ಯಾ?" ಎಂದು ನಕ್ಕರು. "ಸಾರು ಎಲ್ಲಿ?" ಎಂದು ಪಕ್ಕದಲ್ಲಿ ಅರಗು ಬಳಿಯುತ್ತಿದ್ದ ಅವರ ಹೆಂಡತಿ ಕೇಳಿದರು. ವಿಷಯ ಹೇಳಿದೆ. ಸಾಬರು ಮುದ್ದೆಯ ಗುಳಿಗಳಲ್ಲಿ ತಮ್ಮ ಬೆರಳಿಟ್ಟು ಬಹಳ ಹೊತ್ತು ನೋಡಿದರು. ಎರಡು ಹಿಡಿ ಕಡೆದು, ಸರಿ ಕಾಣದೆ ಪಕ್ಕಕ್ಕೆಸೆದು, ಮೂರನೆಯದನ್ನು ಕೊಟ್ಟರು. ಮುನ್ನೂರು ತೆಗೆದುಕೊಂಡರು. ಹಿಡಿ ದಪ್ಪಕ್ಕೆ, ಒಂದು ಕಡೆ ಉಬ್ಬಿ, ನೋಡುವುದಕ್ಕೆ ಸೊಟ್ಟಗಿತ್ತು. ಆಚಾರಿ ಅದಕ್ಕೆ ಅಲಗು ಕೂರಿಸಿಕೊಟ್ಟರು. ನಾನು ಹಿಡಿದರೆ ನೆಟ್ಟಗೆ ಕೂರಲಿಲ್ಲ. ಅತ್ತೆಯ ಕೈಯಲ್ಲಿ ಮಾತ್ರ ಅಲುಗಾಡದೆ ನಿಂತಿತು.

"ಎಷ್ಟು ಕೊಟ್ಟೆ?" ಎಂದು ಮೊದಲು ಕೇಳಿದರು. "ನಲವತ್ತು" ಎಂದೆ. ಸಾವಿರದ ಇನ್ನೂರು ಎಂದರೆ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕುವವರೇ ಹೊರತು ಅದರಲ್ಲಿ ಬದನೆಕಾಯಿ ಕೊಯ್ಯುವವರಲ್ಲ. ನಮ್ಮ ಮನೆಯಲ್ಲಿ ಬೆಲೆಬಾಳುವ ಯಾವ ವಸ್ತುವೂ ಬಳಕೆಗೆ ಬಂದದ್ದಿಲ್ಲ. ಗಂಡನಿಗೆ ಮಾತ್ರ ನಿಜ ಹೇಳಿದ್ದೆ. ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪೆಟ್ಟಿಗೆ ತುಂಬುವ ಕೆಲಸಕ್ಕೆ ಆಗಷ್ಟೇ ಸೇರಿದ್ದರು. "ತಲೆ ಕೆಟ್ಟೈತಾ ನಿಂಗೆ? ಅಷ್ಟು ದುಡ್ಡಿಗೆ ನಾನು ಹದಿನೈದು ದಿನ ನಿಂತ್ಕಂಡು ಕಾಲು ಊದಿಸ್ಕಬೇಕು" ಎಂದರು. ಆದರೂ ಅವ್ವನಿಗೆ ಹೇಳುವುದಿಲ್ಲ ಎಂದು ಒಪ್ಪಿದರು.

ಮೊದಲ ದಿನ ಅತ್ತೆ ಹೆಚ್ಚಿದ್ದು ಆರು ಹುರುಳಿಕಾಯಿ. ಕುರ್ಚಿಯಲ್ಲಿ ಕೂತು, ಮುಂದೆ ಸ್ಟೂಲಿನ ಮೇಲೆ ಹಲಗೆ ಇಟ್ಟು, ಎಡಗೈಯಲ್ಲಿ ಕಾಯಿ ಅದುಮಿಕೊಂಡು, ಬಲತೋಳನ್ನು ಎತ್ತಿ ಬಿಡುವರು. ಚಾಕುವಿನ ಭಾರಕ್ಕೆ ಅದು ತಾನೇ ಇಳಿದು ಟಕ್ ಎನ್ನುವುದು. ಚೂರುಗಳು ದಪ್ಪ, ಸಣ್ಣ, ಓರೆ. ಅವನ್ನು ನೋಡಿ ಅವರಿಗೇ ನಗು ಬಂತು. "ನಿನ್ನ ಕೈ ನಂಗೆ ಬಂದಂಗಾಯ್ತಲ್ಲಮ್ಮಿ" ಎಂದರು. ಅಂದು ಇಡೀ ಮುದ್ದೆ ಉಂಡರು.

ಚಾಕು ಬಂದದ್ದು ಸಂಕ್ರಾಂತಿಯ ಹೊತ್ತಿಗೆ, ಯುಗಾದಿಯ ಹೊತ್ತಿಗೆ ಚೂರುಗಳು ಒಂದೇ ಸಮವಾದವು. ಮಳೆಗಾಲ ಹಿಡಿದ ಮೇಲೆ ಮನೆಗೆ ಬೇಕಾದ ತರಕಾರಿಯೆಲ್ಲ, ಭಾನುವಾರದ ಕೋಳಿಯೂ ಅವರದೇ. ಬೆರಳುಗಳೂ ಒಸಿ ಬಿಡಿಸಿಕೊಳ್ಳತೊಡಗಿದವು, ಸೆರಗು ತಾವೇ ಸಿಕ್ಕಿಸಿಕೊಳ್ಳುತ್ತಿದ್ದರು. ಕಬ್ಬಿಣವಾದ್ದರಿಂದ ದಿನಾ ಒರೆಸಿ ಎಣ್ಣೆ ಸವರಬೇಕು, ಅದನ್ನು ನಾನು ಮಾಡುತ್ತಿದ್ದೆ. ಆ ಎಂಟು ತಿಂಗಳು ಬೆಳಿಗ್ಗೆ ಎದ್ದಾಗ ಟಕ್ ಟಕ್ ಕೇಳುವುದನ್ನೇ ದೇವರು ಕೊಟ್ಟದ್ದು ಎಂದುಕೊಂಡಿದ್ದೆ. ಬೇರೇನೂ ಕೇಳಿರಲಿಲ್ಲ.

ಗೌರಿ ಹಬ್ಬಕ್ಕೆ ಮಾಗಡಿಯಿಂದ ನಾದಿನಿ ಬಂದಳು. ಪೂಜೆ ಮುಗಿದು, ಬಾಗಿನ ಕೊಟ್ಟು, ಅಡುಗೆಗೆ ಎಲ್ಲರೂ ಕೂತಿದ್ದೆವು. ತಾಯಿ ಕುಂಬಳಕಾಯಿ ಕೊಯ್ಯುವುದನ್ನು ನೋಡುತ್ತ, "ಒಳ್ಳೆ ಚಾಕಲ್ಲವ್ವ. ನಲವತ್ತಾದ್ರೆ ನಂಗೂ ಒಂದು ಮಾಡ್ಸು ಅತ್ತಿಗೆ" ಎಂದಳು.

ಬಾಗಿಲಲ್ಲಿ ಕಾಫಿ ಕುಡಿಯುತ್ತಿದ್ದ ನನ್ನ ಗಂಡ ನಕ್ಕರು. "ನಲವತ್ತಾ? ಸಾವಿರದಿನ್ನೂರು ಕಣಮ್ಮಿ. ನಿನ್ನ ಗಂಡನ್ನ ಕೇಳು, ಅವ್ನು ಅವರವ್ವಂಗೆ ಇಂಥದು ಕೊಡ್ಸವ್ನಾ?"

ಅವರ ಮೇಲೆ ಕೋಪ ಮಾಡಿಕೊಳ್ಳಲು ಇಂದಿಗೂ ನನಗೆ ಆಗುವುದಿಲ್ಲ. ತಂಗಿಯ ಮುಂದೆ ದೊಡ್ಡವನಾಗಬೇಕು ಎಂದು ಯಾವ ಅಣ್ಣನಿಗೆ ಇರುವುದಿಲ್ಲ?

ಅತ್ತೆಯ ಕೈ ಹಲಗೆಯ ಮೇಲೆಯೇ ನಿಂತಿತು. ನನ್ನ ಕಡೆ ತಿರುಗಿದರು. "ಎಲ್ಲಿತ್ತಮ್ಮಿ ಅಷ್ಟು ದುಡ್ಡು?"

ಗೌರಮ್ಮ ಎದುರಿಗೆ ಕೂತಿದ್ದಾಳೆ, ದೀಪ ಉರಿಯುತ್ತಿದೆ. ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ. "ಅರಿಸಿನದ ಡಬ್ಬೀಲಿ" ಎಂದೆ.

ಅವರು ಚಾಕುವನ್ನು ಮೆಲ್ಲಗೆ ಕೆಳಗಿಟ್ಟರು. "ಅಮ್ಮನ ದುಡ್ಡಲ್ಲಿ ನನ್ನ ಕೈಲಿ ಕೋಳಿ ಕುಯ್ಸುಬುಟ್ಟಲ್ಲ" ಎಂದರು. ಬೈಗುಳವೂ ಇಲ್ಲ, ಅಳುವೂ ಇಲ್ಲ. ಅರಿಸಿನದ ನೀರಲ್ಲಿ ತೊಳೆದು ದೇವರ ಗೂಡಿನಲ್ಲಿಡು ಎಂದರು. ಇಟ್ಟೆ. ಉಳಿದ ಕುಂಬಳಕಾಯಿಯನ್ನು ಈಳಿಗೆಮಣೆಯಲ್ಲಿ ನಾನು ಕೊಯ್ದೆ.

ಎಷ್ಟು ಹೇಳಿದರೂ ಮುಟ್ಟಲಿಲ್ಲ. ಒತ್ತಾಯ ಮಾಡಲು ನನಗೂ ಬಾಯಿರಲಿಲ್ಲ. ಅವರು ನಂಬಿದ್ದನ್ನು ನಾನೂ ನಂಬುತ್ತಿದ್ದೆ. ಕೊನೆಗೆ ಊರಮ್ಮನ ಗುಡಿಯ ಪೂಜಾರಪ್ಪನನ್ನು ಕೇಳಿದೆ. ಅವರು, "ಅದಕ್ಕೇನಂತೆ? ತಂದು ಅಮ್ಮನ ಪಾದದಲ್ಲಿಡು. ಪೂಜೆ ಮಾಡಿ ವಾಪಸ್ ಕೊಡ್ತೀನಿ. ಅವಳೇ ಕೊಟ್ಟಂಗಾಯ್ತು, ದೋಷ ಇಲ್ಲ" ಎಂದರು. ನನಗೆ ಜೀವ ಬಂದಂತಾಯಿತು. ಶುಕ್ರವಾರ ಒಯ್ದು, ಪೂಜೆ ಮಾಡಿಸಿ, ಕುಂಕುಮ ಹಚ್ಚಿದ ಚಾಕುವನ್ನು ಹೂವಿನ ಸಮೇತ ತಂದು ಅತ್ತೆಯ ಮಡಿಲಲ್ಲಿಟ್ಟೆ. "ಅಮ್ಮ ಕೊಟ್ಟವ್ಳೆ, ತಗೊಳ್ಳಿ" ಎಂದೆ.

ಅತ್ತೆ ಕಣ್ಣಿಗೊತ್ತಿಕೊಂಡರು. ಮುಖ ಅರಳಿತು. ಆಮೇಲೆ ಕೇಳಿದರು, "ಪ್ರಸಾದ ಆಗಿ ಬಂದಿದ್ರಲ್ಲಿ ಈರುಳ್ಳಿ ಹೆಚ್ಚಾರೇನಮ್ಮಿ?"

ಅದೂ ಸರಿಯೇ. ಎಲ್ಲಾದರೂ ಹೆಚ್ಚುತ್ತಾರಾ? ದುಡ್ಡಿನ ದೋಷ ಕಳೆಯಲು ಹೋಗಿ ಅದನ್ನು ಇನ್ನೂ ದೂರ ಮಾಡಿದ್ದೆ. ಮತ್ತೆ ಗೂಡಿಗೆ ಹೋಯಿತು. ಆಯುಧಪೂಜೆಗೆ ಮಚ್ಚು, ಕುಡುಗೋಲು, ಗಂಡನ ಬೈಕು ಎಲ್ಲಕ್ಕೂ ಕುಂಕುಮ ಇಟ್ಟೆವು. ಮಾರನೆಯ ದಿನ ಎಲ್ಲವೂ ತಮ್ಮ ತಮ್ಮ ಕೆಲಸಕ್ಕೆ ಹೋದವು, ಚಾಕು ಅಲ್ಲೇ ಉಳಿಯಿತು.

ಆಚಾರಿಯ ಹತ್ತಿರ ಇನ್ನೊಂದು ಮಾಡಿಸೋಣ ಎಂದು ಹೋದೆ. ಅವರು ಕುಲುಮೆ ಕೆಡವಿ ಆ ಜಾಗದಲ್ಲಿ ಕಬ್ಬಿಣದ ಪೈಪು ಪೇರಿಸಿದ್ದರು. "ತಿರುಗಾ ಕಟ್ಟಾಕಾಗಲ್ಲ ಕಣವ್ವ" ಎಂದರು. ಸಂತೆಯ ಚಾಕುವಿನ ಹಿಡಿಗೆ ಬಟ್ಟೆ ಸುತ್ತಿ ಕೊಟ್ಟು ನೋಡಿದೆ. ಹಗುರವಾದ ಅಲಗು ಕಾಯಿಯೊಳಗೆ ಇಳಿಯುವುದಿಲ್ಲ, ಒತ್ತಲು ಅವರಿಗೆ ಬಲವಿಲ್ಲ. ಎಡಗೈ ಬೆರಳು ಕೊಯ್ದುಕೊಂಡರು. ಅಲ್ಲಿಗೆ ನಿಂತಿತು.

ಚಳಿಗಾಲಕ್ಕೆ ಬಲಗೈ ಮುಚ್ಚಿಕೊಂಡಿತು. ಉಗುರು ಅಂಗೈಗೆ ಚುಚ್ಚದಿರಲೆಂದು ಬಟ್ಟೆಯ ಸುರುಳಿ ಇಡುತ್ತಿದ್ದೆವು. ಕನಕಪುರದ ಡಾಕ್ಟರು ಬೆರಳು ಬಿಡಿಸಿ ನೋಡಿ, "ಮಧ್ಯದಲ್ಲಿ ಚೆನ್ನಾಗಿ ಬಂದಿತ್ತಲ್ಲ, ಏನು ಮಾಡಿಸ್ತಿದ್ರಿ?" ಎಂದು ಕೇಳಿದರು. ತರಕಾರಿ ಹೆಚ್ಚುತ್ತಿದ್ದರು ಎಂದೆ. "ಅದನ್ನ ಯಾಕೆ ಬಿಡಿಸಿದ್ರಿ?" ಎಂದರು. ಬಟ್ಟೆಯ ಸುರುಳಿಯನ್ನು ಮತ್ತೆ ಅತ್ತೆಯ ಅಂಗೈಗೆ ಇಟ್ಟೆ.

ಮುದ್ದೆ ಅರ್ಧವಾಯಿತು, ಕಾಲಾಯಿತು, ಆಮೇಲೆ ಅಂಬಲಿ. ನಾನು ಹೆಚ್ಚಿದ ಸಾರಿನ ತರಕಾರಿಯನ್ನು ಬೆರಳಲ್ಲಿ ಸರಿಸಿ, "ನಗ್ತದೆ" ಎನ್ನುವರು. ಅಷ್ಟಾದರೂ ಅನ್ನುತ್ತಾರಲ್ಲ ಎಂದು ಸಮಾಧಾನ ಪಡುತ್ತಿದ್ದೆ.

ಆ ಚಾಕು ಅಷ್ಟು ಬೆಲೆ ಬಾಳುತ್ತಿತ್ತೇ ಎಂದರೆ, ಬಾಳುತ್ತಿತ್ತು. ಎಂಟು ತಿಂಗಳು ಒಂದು ಜೀವವನ್ನು ಊಟಕ್ಕೆ ಕೂರಿಸಿತು. ಆಚಾರಿ ಹೆಚ್ಚು ಕೇಳಲಿಲ್ಲ, ಸಾಬರೂ ಹೆಚ್ಚು ಕೇಳಲಿಲ್ಲ. ಆದರೆ ನಮ್ಮಂಥವರ ಮನೆಗೆ ಅಷ್ಟು ಬೆಲೆಯ ವಸ್ತು ಬಂದರೆ, ಅದನ್ನು ಕೈಯಲ್ಲಿ ಹಿಡಿಯುವ ಧೈರ್ಯವನ್ನೂ ಯಾರಾದರೂ ಮಾಡಿಕೊಡಬೇಕು. ಅದು ನನ್ನಿಂದಾಗಲಿಲ್ಲ.

ಶಿವರಾತ್ರಿ ಕಳೆದು ನಾಲ್ಕನೆಯ ದಿನ ಅತ್ತೆ ಹೋದರು. ಅದಕ್ಕೆ ಒಂದು ವಾರ ಮುಂಚೆ, ಮಧ್ಯಾಹ್ನ, ಅಂಬಲಿ ಕುಡಿಸಿ ಬಾಯಿ ಒರೆಸುತ್ತಿದ್ದೆ. ನನ್ನ ಮಣಿಕಟ್ಟು ಹಿಡಿದು, "ಅವತ್ತು ಡಬ್ಬಿ ಅಂತ ಯಾಕಂದೆ?" ಎಂದರು. "ಹಾಲಿನ ದುಡ್ಡು ಅಂದಿದ್ರೆ ಆಯ್ತಿತ್ತು. ನಾನೇನು ಡಬ್ಬಿ ತೆಗ್ದು ನೋಡ್ತಿದ್ನಾ?"

ಹಾಲಿನ ದುಡ್ಡೇ ಅದು. ಹಾಗೆಂದಿದ್ದರೆ ಸುಳ್ಳೂ ಆಗುತ್ತಿರಲಿಲ್ಲ. ಗೌರಮ್ಮನ ಮುಂದೆ ಕೂತಿದ್ದಾಗ ಅದು ನನಗೆ ಹೊಳೆಯಲೇ ಇಲ್ಲ.