ಹತ್ತಿ ಹೊಲದಲ್ಲಿ ಜೋಳ ತೂರಿದವರು

ದೆವ್ವ, ಭೂತ ಎಂದು ಯಾರಾದರೂ ಮಾತು ತೆಗೆದರೆ ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋಗುತ್ತಿದ್ದ ಮನುಷ್ಯ ನಾನು. ಯಂತ್ರ ಬಲ್ಲವನೆಂಬ ಜಂಬವೂ ಇತ್ತು. ಈಗಲೂ ಅಂಥ ಕಥೆಗಳನ್ನು ನಂಬುವುದಿಲ್ಲ. ಆದರೆ ಅರವತ್ತರ ದಶಕದ ಒಂದು ಸಂಜೆ ಹತ್ತಿಮತ್ತೂರಿನ ಹೊಲದ ಮೇಲಿಂದ ಕಂಡದ್ದನ್ನು ಸುಳ್ಳೆನ್ನಲು ನಾಲಿಗೆ ಹೊರಳುವುದಿಲ್ಲ.

ಗೆಳೆಯ ಫಕೀರಪ್ಪ ವಾಯುಪಡೆಯಲ್ಲಿ ಮೆಕ್ಯಾನಿಕನಾಗಿದ್ದು ಊರಿಗೆ ಮರಳಿದವನು. ನಾಲ್ಕು ವರ್ಷ ದನದ ಕೊಟ್ಟಿಗೆಯಲ್ಲಿ ಕೂತು, ಕಟ್ಟಿಗೆ, ಬಟ್ಟೆ, ಹಳೆಯದೊಂದು ಎಂಜಿನ್ ಸೇರಿಸಿ ಒಬ್ಬರೇ ಕೂರುವ ವಿಮಾನ ಕಟ್ಟಿದ. ಎತ್ತು ಹೊರಗೆ ಚಳಿಯಲ್ಲಿ, ವಿಮಾನ ಒಳಗೆ ಬೆಚ್ಚಗೆ ಎಂದು ಊರವರು ನಗುತ್ತಿದ್ದರು. ಅವನಿಗೆ ಹಾರಿಸಲು ಬರುತ್ತಿರಲಿಲ್ಲ. ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕಲಿತಿದ್ದ ನನ್ನನ್ನು ಕರೆಸಿದ. ಹತ್ತಿ ಬಿಡಿಸಿ ಗಿಡ ಕಿತ್ತ ಅವನ ಹೊಲದಲ್ಲಿ ಪೂರ್ವ-ಪಶ್ಚಿಮವಾಗಿ ಕಲ್ಲುಗುಂಡು ಉರುಳಿಸಿ ನೆಲ ಗಟ್ಟಿ ಮಾಡಿದೆವು. ಗಾಳಿಯ ದಿಕ್ಕು ತಿಳಿಯಲು ಅವನ ಅವ್ವನ ಹಳೆಯ ಸೀರೆಯ ತುಂಡನ್ನು ಪಶ್ಚಿಮದ ತುದಿಯಲ್ಲಿ ಗಳಕ್ಕೆ ಕಟ್ಟಿದೆವು.

ಇಳಿಹೊತ್ತಿಗೆ ಪಶ್ಚಿಮದ ಗಾಳಿಗೆ ಎದುರಾಗಿ ಓಡಿಸಿದೆ. ಅರ್ಧ ಹೊಲ ದಾಟುವುದರೊಳಗೆ ವಿಮಾನ ಹಗುರಾಗಿ ಎದ್ದಿತು. ಸವಣೂರಿನ ತನಕ ಹೋಗಿ ತಿರುಗಿ ಬಂದೆ.

ಹಾರುವುದಕ್ಕಿಂತ ಇಳಿಯುವುದು ಕಷ್ಟ. ಗಾಳಿಗೆ ಎದುರಾಗಿಯೇ ಇಳಿಯಬೇಕು. ಗಾಳಿ ಬೆನ್ನಿಗಿದ್ದರೆ ವಿಮಾನ ನೆಲ ಮುಟ್ಟಿದ ಮೇಲೂ ನಿಲ್ಲದೆ ಓಡುತ್ತದೆ. ನಮ್ಮದಕ್ಕೆ ಬ್ರೇಕು ಇರಲಿಲ್ಲ. ಸೀರೆಯ ತುಂಡು ನೋಡಿದರೆ ಗಳಕ್ಕೆ ಸುತ್ತಿಕೊಂಡು ಕೂತಿತ್ತು. ಏರುವಾಗಿನ ಗಾಳಿಯೇ ಇರಬೇಕೆಂದು ಪಶ್ಚಿಮಕ್ಕೆ ಮುಖ ಮಾಡಿ, ಎಂಜಿನ್ ತಗ್ಗಿಸಿ, ಇಳಿಯತೊಡಗಿದೆ.

ಬದುವಿನ ಬೇವಿನ ಮರದ ಪಕ್ಕದಲ್ಲಿ ಮುದುಕರೊಬ್ಬರು ರಾಶಿ ತೂರುತ್ತಿದ್ದರು. ಬುಟ್ಟಿಯನ್ನು ಎಡಗೈಯಲ್ಲಿ ತಲೆಯ ಮೇಲೆತ್ತಿದ್ದರು. ಜೋಳ ನೇರ ಕೆಳಗೆ ಬೀಳುತ್ತಿತ್ತು, ಹೊಟ್ಟು ಪಶ್ಚಿಮಕ್ಕೆ ಹಾರುತ್ತಿತ್ತು. ಅಂದರೆ ಗಾಳಿ ತಿರುಗಿ ನನ್ನ ಬೆನ್ನಿಗೆ ಬಂದಿದೆ. ತಲೆಯ ಮೇಲೆ ವಿಮಾನ ಗುಡುಗುತ್ತಿದ್ದರೂ ಅವರು ಕತ್ತೆತ್ತಲಿಲ್ಲ.

ತಕ್ಷಣ ಎಂಜಿನ್ ಏರಿಸಿ ಮೇಲೆದ್ದೆ. ಸುತ್ತು ಹೊಡೆದು ಪಶ್ಚಿಮದಿಂದ ಬಂದು, ಆ ತುದಿಯನ್ನು ಆಳೆತ್ತರದಲ್ಲಿ ದಾಟಿ, ವಿಮಾನದ ಮೂಗು ಎತ್ತುವ ಹಿಡಿಕೋಲನ್ನು ಮೆಲ್ಲಗೆ ಹಿಂದಕ್ಕೆಳೆದೆ. ಚಕ್ರ ಸದ್ದಿಲ್ಲದೆ ನೆಲ ಮುಟ್ಟಿತು. ಹೊಲದ ನಡುವೆಯೇ ನಿಂತೆ.

ಫಕೀರಪ್ಪ ತಬ್ಬಿಕೊಂಡು ಅತ್ತ. ಬೇವಿನ ಮರದ ಹತ್ತಿರ ಜೋಳ ತೂರುತ್ತಿದ್ದ ಹಿರಿಯರಿಗೊಂದು ನಮಸ್ಕಾರ ಮಾಡಬೇಕು, ಎಲ್ಲಿ ಅವರು ಎಂದು ಕೇಳಿದೆ. ಮರದ ಬುಡದಲ್ಲಿ ಯಾರೂ ಇರಲಿಲ್ಲ, ಆಳೆತ್ತರ ಕಸ ಬೆಳೆದಿತ್ತು.

"ಜ್ವಾಳ ಎಲ್ಲಿಂದ ಬರಬೇಕೋ? ಹೊಲಕ್ಕೆಲ್ಲಾ ಹತ್ತಿ ಹಾಕಿದ್ದೆ" ಎಂದ.

ಗಳ ತರಲು ಪಶ್ಚಿಮದ ತುದಿಗೆ ಹೋದೆವು. ಅಲ್ಲಿ ಅವನ ಕಾಲು ಮೊಳಕಾಲಿನವರೆಗೆ ಕುಸಿಯಿತು. ಮಣ್ಣು ಕೆದಕಿದರೆ ಬಿರುಕು ಬಿಟ್ಟ ಚಪ್ಪಡಿ, ಅದರಡಿ ಹಗೇವು. ಲೂಟಿಯವರ ಕಣ್ಣು ತಪ್ಪಿಸಿ ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ, ಒಂದೂವರೆ ಆಳು ಆಳ. ಗಾಳಿ ಬೆನ್ನಿಗಿಟ್ಟುಕೊಂಡು ಇಳಿದಿದ್ದರೆ ನನ್ನ ಓಟ ಅಲ್ಲಿಯೇ ಮುಗಿಯುತ್ತಿತ್ತು.

ಮನೆಯಲ್ಲಿ ಅವನ ಅವ್ವ ಎಲ್ಲವನ್ನೂ ಕೇಳಿಸಿಕೊಂಡರು. ಯಾವ ಕೈ ಎತ್ತಿದ್ದರು ಎಂಬುದೊಂದನ್ನೇ ಕೇಳಿದರು. ಎಡಗೈ ಎಂದೆ.

"ನಮ್ಮ ಮನಿಯವರ ಬಲಗೈ ಮ್ಯಾಲ ಏಳ್ತಿದ್ದಿಲ್ಲಪಾ" ಎಂದರು.

ಬೇವಿನ ಮರದ ಪಕ್ಕದ ಕಣ ಅವರದೇ ಅಂತೆ. ಅವರು ತೀರಿದ ಮೇಲೆ ಅಲ್ಲಿ ಯಾರೂ ಕಣ ಮಾಡಲಿಲ್ಲ. ಹಗೇವು ಎಲ್ಲಿದೆಯೆಂದು ಬಲ್ಲವರೂ ಅವರೊಬ್ಬರೇ; ಹೇಳದೆ ಹೋಗಿದ್ದರು.

"ಅವರಿಗೆ ವಿಮಾನ ಗೊತ್ತಿದ್ದಿಲ್ಲ, ಗಾಳಿ ಗೊತ್ತಿತ್ತು" ಎಂದು ಅವ್ವ ದೀಪ ಹಚ್ಚಲು ಎದ್ದರು.

ಇಳಿಬಿಸಿಲು ಕಣ್ಣಿಗೆ ಕುಕ್ಕಿರಬಹುದು, ಸುಂಟರಗಾಳಿಗೆ ಧೂಳೆದ್ದಿರಬಹುದು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಧೂಳು ಕಾಳಾಗಿ ನೇರ ಕೆಳಗೆ ಬೀಳುವುದಿಲ್ಲ. ಫಕೀರಪ್ಪನ ಅಪ್ಪನನ್ನು ನಾನು ಕಂಡವನೇ ಅಲ್ಲ, ಆ ಕೈಯ ಸಂಗತಿ ನನಗೆ ಹೇಗೆ ಗೊತ್ತಾಗಬೇಕು?

ಆಮೇಲೆ ಎಷ್ಟೋ ಕಡೆ ಇಳಿದಿದ್ದೇನೆ. ಗಾಳಿಯ ದಿಕ್ಕು ತೋರಲು ಕಂಬಕ್ಕೆ ಕಟ್ಟಿದ ಗಾಳಿಚೀಲ ನೋಡಿದ ಮೇಲೂ ಕಣ್ಣು ಒಮ್ಮೆ ಬದುವಿನ ಕಡೆ ಹೋಗುತ್ತದೆ. ಅಲ್ಲಿ ಯಾರೂ ಇರುವುದಿಲ್ಲ. ನೋಡದೆ ಮಾತ್ರ ಒಂದು ಸಲವೂ ಇಳಿದಿಲ್ಲ.