ಹತ್ತೊಂಬತ್ತೋ ಅರವತ್ತೊಂದೋ

ಬೆಳಕು ಈಗಷ್ಟೇ ಹರಿದಿದೆ. ತಗಡಿನ ಶೆಡ್ಡಿನಲ್ಲಿ ಒಬ್ಬ ಹೆಂಗಸು ಮಂಡಿಯೂರಿ ಕಲ್ಲಿಗೆ ನೀರು ಚಿಮುಕಿಸುತ್ತಿದ್ದಾರೆ. ನೆಲ ಕೊರೆದು ತೆಗೆದ, ಮಣಿಕಟ್ಟಿನ ದಪ್ಪದ ಕಲ್ಲಿನ ಕೋಲುಗಳು ಉದ್ದನೆಯ ಟ್ರೇಗಳಲ್ಲಿ ಸಾಲಾಗಿ ಮಲಗಿವೆ. "ಒಣಗಿದ್ರೆ ಎಲ್ಲಾ ಒಂದೇ ಥರ. ಮುಖ ತೊಳೆದ್ಮೇಲೇ ಯಾರ್ಯಾರು ಅಂತ ಗೊತ್ತಾಗೋದು," ಎನ್ನುತ್ತಾರೆ.

ಗಣಿಯಲ್ಲಿ ಇವರು 'ಮಾಡೆಲ್ ಮೇಡಂ'. "ಹೆಸರು ಕೇಳಿ ಹೊಸಬರು ಆಸೆಯಿಂದ ತಿರುಗಿ ನೋಡ್ತಾರೆ, ಪಾಪ." 140 ಕಡೆ ಕೊರೆದ ಕಲ್ಲನ್ನು ಓದಿ, ತಾಮ್ರದ ಅದಿರು ನೆಲದೊಳಗೆ ಎಲ್ಲಿದೆ, ಎಷ್ಟು ದಪ್ಪವಿದೆ, ಎತ್ತ ವಾಲಿದೆ ಎಂಬುದನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದ ಆಕೃತಿಯಾಗಿ, ಅಂದರೆ 'ಮಾಡೆಲ್' ಆಗಿ, ಕಟ್ಟುವುದು ಇವರ ಕೆಲಸ. ಎಷ್ಟು ಟನ್ ಸಿಗಬಹುದೆಂಬ ಲೆಕ್ಕ ಅದರಿಂದಲೇ ಹೊರಡುತ್ತದೆ. ಎರಡು ರಂಧ್ರಗಳ ನಡುವೆ ಏನಿದೆಯೆಂದು ಕಂಡವರಿಲ್ಲ. "ಊಹೆಗೆ ಕಾರಣ ಕೊಡ್ಬೇಕಿಲ್ಲ, ಅಂದಾಜಿಗೆ ಕೊಡ್ಬೇಕು. ನಂಗೆ ಸಂಬಳ ಕೊಡೋದು ಆ ಕಾರಣಕ್ಕೆ."

ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಡ್ರಿಲ್ ಯಂತ್ರದ ಪಕ್ಕದ ಡೇರೆಯಲ್ಲೇ ವಾಸ. ಮಗಳ ಮೊದಲ ತೊದಲು ಮಾತು ಕೇಳಿದ್ದು ಫೋನಿನಲ್ಲಿ.

ಎರಡು ವರ್ಷದ ಹಿಂದೆ ಇವರ ಆಕೃತಿಯಲ್ಲೊಂದು ಗೂನು ಕಾಣಿಸಿತು. ಸುತ್ತಲೂ ಮುನ್ನೂರು ಮೀಟರ್ ಆಳದಲ್ಲಿದ್ದ ಅದಿರು ಒಂದು ರಂಧ್ರದ ಬಳಿ ಮಾತ್ರ ತೊಂಬತ್ತು ಮೀಟರಿಗೇ ಎದ್ದು ಬಂದಿತ್ತು. ಮ್ಯಾನೇಜರಿಗೆ ಸ್ವರ್ಗಕ್ಕೆ ಮೂರೇ ಗೇಣು. ಅತ್ತ ಸುರಂಗ ತೋಡಲು ದಿನವೂ ನಿಗದಿಯಾಯಿತು. ಇವರಿಗೆ ಮಾತ್ರ ಆ ಗೂನಿನ ಮೇಲೆ ನಂಬಿಕೆ ಬರಲಿಲ್ಲ. ಕೆಲಸ ತಡೆದು, ಕೊನೆಗೆ ತಮ್ಮದೇ ತಪ್ಪಾದರೆ ಇನ್ನು ಮುಂದೆ ಇವರ ಅಂದಾಜನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸುರಂಗ ತಂಡದ ಮೇಸ್ತ್ರಿ ಇವರ ಮೈದುನ. "ಅತ್ತಿಗೆ, ನಿಮ್ಮ ಗೆರೆ ಅಳಿಸೋಕೆ ಒಂದು ಬೆರಳು ಸಾಕು. ನಾವು ತೋಡಿದ್ಮೇಲೆ ಏನ್ ಅಳಿಸೋದು?" ಎಂದು ಕೇಳಿದ್ದ.

ಶೆಡ್ಡಿಗೆ ಬಂದು, ಆಳದ ಕ್ರಮದಲ್ಲಿ ಅಂಕಿ ಬರೆದಿದ್ದ ಆ ರಂಧ್ರದ ಟ್ರೇಗಳನ್ನೆಲ್ಲ ಇಳಿಸಿದರು. 18ನೇ ಟ್ರೇಯ ಕೊನೆಯ ತುಂಡಿಗೂ 19ರ ಮೊದಲ ತುಂಡಿಗೂ ಮುರಿದ ಅಂಚು ಕೂಡಲಿಲ್ಲ. ಎದ್ದು ಆಚೆ ಬದಿಗೆ ಹೋಗಿ ನಿಂತರು. ಅಲ್ಲಿಂದ ಅದು 19 ಅಲ್ಲ, 61. ಯಾರೋ ಎದುರು ಬದಿಯಲ್ಲಿ ನಿಂತು ಅಂಕಿಯನ್ನು ತಲೆಕೆಳಗಾಗಿ ಓದಿ ಎರಡು ಟ್ರೇಗಳನ್ನು ಅದಲುಬದಲು ಇಟ್ಟಿದ್ದರು. ಎರಡನ್ನೂ ತಂತಮ್ಮ ಜಾಗದಲ್ಲಿ ಜೋಡಿಸಿದಾಗ ಅಂಚುಗಳು ಹಲ್ಲಿಗೆ ಹಲ್ಲು ಕೂತವು. ಗೂನು ಮಾಯವಾಯಿತು.

"ಮ್ಯಾನೇಜರ್ ಮುಖ ಸಣ್ಣಗಾಯ್ತು. 'ಸಿಕ್ಕಿದ್ದನ್ನ ಕಿತ್ಕೊಂಡ್ರಲ್ಲಮ್ಮ' ಅಂದ್ರು. ಎಲ್ಲೂ ಹೋಗಿಲ್ಲ ಸಾರ್, ಕೆಳಗಿದೆ ಅಂದೆ." ಈಗ ಪ್ರತಿ ಟ್ರೇಯ ಅಂಕಿಯಡಿ ಒಂದು ಕಪ್ಪು ಗೆರೆ ಇರುತ್ತದೆ.

ಸುರಂಗ ಕೆಳಮುಖವಾಯಿತು. ಕಳೆದ ತಿಂಗಳು 302 ಮೀಟರ್ ಆಳದಲ್ಲಿ ಅದಿರು ಎದುರಾದಾಗ ಮೈದುನನೇ ಇವರನ್ನು ಕರೆದೊಯ್ದ. "ಅಲ್ಲೂ ರೇಗಿಸೋದು ಬಿಡ್ಲಿಲ್ಲ. 'ನಿಮ್ಮ ಮಾಡೆಲ್‌ನಲ್ಲಿ ಅದಿರಿಗೆ ಕೆಂಪು ಬಳಿದಿದ್ರಲ್ಲ ಅತ್ತಿಗೆ, ಇದು ಹಳದಿ' ಅಂದ."

ನಗುತ್ತಲೇ ಮುಂದಿನ ಟ್ರೇಗೆ ನೀರು ಚಿಮುಕಿಸುತ್ತಾರೆ. "ಕಂಪ್ಯೂಟರಲ್ಲಿ ಅದನ್ನ ಬೇಕಾದ ಹಾಗೆ ತಿರುಗಿಸ್ತಿದ್ದೆ. ಅಲ್ಲಿ ಅದು ತಿರುಗಲಿಲ್ಲ. ನಾನೇ ಆ ಕಡೆ ಈ ಕಡೆ ನಡೆದು ನೋಡ್ಕೊಂಡು ಬಂದೆ."