ಅವರ ಮನೆಯ ಕರು

ನೆನೆಸಿದ ಅವರೆಕಾಳು ಹಿದುಕುತ್ತಿದ್ದೆ. ಹಿತ್ತಿಲ ಬಾಗಿಲಲ್ಲಿ ಕೂತರೆ ಮಾಘದ ಎಳೆಬಿಸಿಲು ಬೆನ್ನಿಗೆ ಬೀಳುತ್ತದೆ; ಅದೂ ಒಂದು ಭಾಗ್ಯವೇ. ಆಗ ಬಂದಳು ಊರಾಚೆಯ ಕಾಲೊನಿಯ ಅಕ್ಕ. ನನಗಿಂತ ಹಿರಿಯಳು. ಕೈಯಲ್ಲಿ ಎಲೆಯಡಿಕೆ, ಮುಖದ ತುಂಬ ನಗು.

"ಶುಕ್ರವಾರ ನಮ್ ಒಸ ಮನೆ ಗೃಹಪ್ರವೇಶ ಕಣವ್ವ. ಎಲ್ಲಾರೂ ಬರ್ಬೇಕು. ಮೊದ್ಲು ಒಳೀಕ್ ಓಗಾಕೆ ನಿಮ್ ಅಸ ಕಳಿಸ್ಕೊಡಿ. ಕರಾನೂ ಜೊತೇಲಿ ಬರ್ಲಿ. ನನ್ ಮಗ ಬಂದು ಇಡ್ಕಂಡ್ ಓಯ್ತಾನೆ."

ಕಾಳಿನ ಬೇಸಿನ್ ಬಿಟ್ಟು ಎದ್ದೇಬಿಟ್ಟೆ. ನಮ್ಮ ಕೊಟ್ಟಿಗೆಯ ಹಸು ಆ ಹೊಸ ಹೊಸ್ತಿಲು ದಾಟುವುದೆಂದರೆ!

"ಯಾರೂ ಬರೋದ್ ಬ್ಯಾಡ, ನಾನೇ ಇಡ್ಕಂಡ್ ಬತ್ತೀನಿ."

"ನೀನಾ? ಯಾವತ್ತಾರ ಅಗ್ಗ ಇಡ್ದಿದ್ದೀಯವ್ವಾ?" ಎಂದು ನಕ್ಕು ಹೋದಳು.

ಒಳಗಿದ್ದ ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ಈ ಅಕ್ಕನ ಅಪ್ಪ ನಮ್ಮ ಮನೆಯಲ್ಲಿ ಜೀತಕ್ಕಿದ್ದ, ಮೈಯಲ್ಲಿ ಕಸುವಿರುವ ತನಕ ದುಡಿದು ದನಗಳ ಜೊತೆ ಕೊಟ್ಟಿಗೆಯಲ್ಲೇ ಮಲಗಿದ ಎಂಬುದು ಮದುವೆಯಾಗಿ ಬಂದಾಗಿನಿಂದ ನನಗೆ ಗೊತ್ತು. ಗೊತ್ತಿಲ್ಲದ್ದನ್ನು ಅತ್ತೆ ಆವತ್ತು ಹೇಳಿದರು.

"ಜೀತ ಬುಡೋ ದಿನ ಒಂದು ಎಣ್ಗರ ಕೊಡ್ತೀನಿ ಅಂದಿದ್ರು ನಮ್ ಮಾವ. ಕಿವಿಯಾರೆ ಕೇಳಿದ್ದೆ. ಕೊಡ್ನೇ ಇಲ್ಲ. ಆವಯ್ಯ ಬರಿಗೈಲಿ ಓದ."

"ನೀವ್ ಕೇಳ್ಬಾರ್ದಿತ್ತಾ?"

"ಸೊಸೆ ಬಾಯ್ ತೆಗ್ಯೋ ಕಾಲವಾ ಅದು? ನೀನೀಗ ತೆಗೀತಿದ್ದೀಯಲ್ಲ, ಪುಣ್ಯವಂತೆ!"

ನನಗೆ ಮೈ ಜುಮ್ಮೆಂದಿತು. ಸಂಕಟವಾಗಲಿಲ್ಲವೆಂದಲ್ಲ, ಅದನ್ನು ಮೀರಿ ಸಡಗರ. ಕೊಟ್ಟಿಗೆಯಲ್ಲಿ ಹೆಣ್ಣುಕರುವಿದೆ, ಹುಲ್ಲು ಕಚ್ಚಲು ಕಲಿತಿದೆ. ಆ ಅಪ್ಪನ ಮಗಳು ಇದ್ದಾಳೆ, ಅವಳೇ ನಡೆದು ಬಂದಿದ್ದಾಳೆ. ಬೆಟ್ಟದ ಸ್ವಾಮಿ ಇಷ್ಟೆಲ್ಲ ಒಟ್ಟಿಗೆ ಜೋಡಿಸಿ ಕೊಟ್ಟಿರುವಾಗ ಕಣ್ಮುಚ್ಚಿಕೊಂಡು ಕೂರುವುದುಂಟೇ? ಕರುವನ್ನು ಅಲ್ಲೇ ಬಿಟ್ಟು ಬರುವುದೆಂದು ನಿಶ್ಚಯಿಸಿದೆ.

ಹೊಗೆಸೊಪ್ಪು ಮಾರಿ ಬಂದ ಯಜಮಾನರು ಸಿಡುಕಿದರು. "ತಾತ ಮಾಡಿದ್ದಕ್ಕೆ ನಾನ್ಯಾಕ್ ಕೊಡ್ಲಿ? ನಾನ್ ಯಾರ್ನಾರ ಜೀತಕ್ ಇಟ್ಕಂಡಿದ್ನಾ?"

"ಇಲ್ಲ. ತಾತನ ಗದ್ದೆ ಬ್ಯಾಡ ಅಂದ್ರಾ? ಅದ್ರ ಬದ ಎತ್ತಿದ್ದು ಆವಯ್ಯನೇ ಅಲ್ವಾ?"

ಅವರು ಮುದ್ದೆ ಮುರಿದು ಉಂಡರು. ಕೈ ತೊಳೆಯುತ್ತ, "ಕರಕ್ಕೆ ಒಸ ಅಗ್ಗ ತತ್ತೀನಿ ಬುಡು" ಅಂದರು. ಅಬ್ಬ, ನನ್ನ ದೇವರೇ!

ಶುಕ್ರವಾರ ಬೆಳಗ್ಗೆ ಹಸು ಕರುವಿನ ಮೈ ತೊಳೆದು, ಅರಿಶಿನ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ ಹೊರಟೆ. ಸೆರಗಿನ ಮರೆಯಲ್ಲಿ ಚೊಂಬು, ಅದರೊಳಗೆ ತುಳಸಿ ನೀರು. ಗೋದಾನ ಮಾಡಿದಂತೆಯೂ ಆಗುತ್ತದೆ ಎಂಬ ಹಿಗ್ಗು. ಅರಳಿಕಟ್ಟೆಯಲ್ಲಿ ಕೂತವರು ಬಿಡುತ್ತಾರೆಯೇ?

"ಏನ್ ಅಕ್ಕಾ, ಅಂತರಸಂತೆವರ್ಗೂ ನಡ್ಕೊಂಡೇನಾ, ಸಂತೇಗೆ?"

"ಇನ್ನೊಂದ್ ಅಗ್ಗ ಐತೆ, ನೀನೂ ಬತ್ತೀಯೇನಪ್ಪ?" ಎಂದೆ. ಕಟ್ಟೆಗೆ ಕಟ್ಟೆಯೇ ನಕ್ಕಿತು.

ಹಸು ಹೊಸ್ತಿಲು ಮೂಸಿ ನೋಡಿ ಒಳಗೆ ಕಾಲಿಟ್ಟಿತು. ಹಿಂದೆಯೇ ಕರು. ಹೊಸ ಟೈಲ್ಸ್ ಮೇಲೆ ಸಗಣಿ ಬಿತ್ತು. ಒಳ್ಳೇದಾಯ್ತು, ಒಳ್ಳೇದಾಯ್ತು ಎಂದು ಎಲ್ಲರೂ ಕೂಗಿದರು. ಅದೇ ಉತ್ಸಾಹದಲ್ಲಿ ಕರುವಿನ ಹಗ್ಗವನ್ನು ಅಕ್ಕನ ಕಡೆ ಚಾಚಿ, ನೀರು ಬಿಡಲು ಚೊಂಬು ಬಗ್ಗಿಸಿದೆ. ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಏನವ್ವಾ ಇದು?"

"ಗೋದಾನ ಅಕ್ಕ. ನಿಮ್ಮಪ್ಪಂಗೆ ಕೊಡ್ತೀವಿ ಅಂದಿದ್ರಲ್ಲ, ಆ ಕರ."

"ನಂಗೂ ಗೊತ್ತು ಕಣವ್ವ. ಕೊಟ್ಟಾರು, ಕೊಟ್ಟಾರು ಅಂತ್ಲೇ ಸತ್ತ ನಮ್ಮಪ್ಪ. ಆ ಮನೆ ಕರ ಒಂದ್ಸಲ ನಮ್ಮನೆ ಒಳೀಕ್ ಬರೋದಾರ ನೋಡ್ಮ ಅಂತ್ಲೇ ಕರ್ದಿದ್ದು. ದಾನ ಅಂದ್ರೆ ಮಾತ್ರ ವಾಪಸ್ ಒಡ್ಕೊಂಡ್ ಓಗು. ದುಡ್ದಿದ್ದು ನಮ್ಮಪ್ಪ, ಪುಣ್ಯ ನಿಂಗಾ?"

ಮನೆ ತುಂಬ ಜನ. ನನ್ನ ಕಿವಿ ಬಿಸಿಯಾಯಿತು. ನಿಜವಲ್ಲವೇ? ಅವರ ದುಡಿಮೆಯನ್ನು ಅವರಿಗೇ ಕೊಟ್ಟು, ದೇವರ ಮುಂದೆ ನಾನು ದೊಡ್ಡವಳಾಗಲು ಹೊರಟಿದ್ದೆ. ಅಂಗಳಕ್ಕೆ ಹೋಗಿ ಚೊಂಬಿನ ನೀರನ್ನು ದಾಸವಾಳದ ಗಿಡಕ್ಕೆ ಸುರಿದು ಬಂದೆ. ಎಲ್ಲರಿಗೂ ಕೇಳುವಂತೆ ಹೇಳಿದೆ: "ಇದು ನಿಮ್ ಕರ ಅಕ್ಕ. ಇಷ್ಟ್ ವರ್ಷ ನಾವ್ ಇಟ್ಕಂಡ್ಬುಟ್ಟಿದ್ವು. ತಪ್ಪು ನಮ್ದು."

"ಅಂಗನ್ನು," ಎಂದು ಹಗ್ಗ ಇಸಿದುಕೊಂಡಳು. ಕಂಬಕ್ಕೆ ಎರಡು ಸುತ್ತು ಸುತ್ತಿ ಬಿಗಿಯಾಗಿ ಕಟ್ಟಿದಳು. "ಒಂದ್ ಕರಕ್ಕೆಲ್ಲಾ ತೀರೋಯ್ತು ಅಂದ್ಕೋಬ್ಯಾಡ ಮತ್ತೆ. ಬಾ, ಉಣ್ಣು."

ತೀರಿಲ್ಲವೆಂದು ನನಗೂ ಗೊತ್ತು. ಆದರೂ ಉಂಡೆ, ಅವಳ ಪಕ್ಕದಲ್ಲೇ ಕೂತು, ಪಾಯಸ ಮತ್ತೆ ಹಾಕಿಸಿಕೊಂಡು. ಕೊನೇ ಪಂಕ್ತಿಗೆ ಯಜಮಾನರೂ ಬಂದು ಕೂತರು. ಆ ಭಾಗ್ಯವನ್ನು ನಾನು ಕೇಳಿಕೊಂಡೂ ಇರಲಿಲ್ಲ.

ಸಂಜೆ ನಮ್ಮ ಕೊಟ್ಟಿಗೆಗೆ ಮರಳಿದ ಹಸು ಕರುವಿಗಾಗಿ ಕೂಗತೊಡಗಿತು. "ಇವತ್ ಆಲ್ ಬುಡ್ತಾಳಾ?" ಎಂದರು ಅತ್ತೆ. ಬೂಸಾ ಕಲಸಿ ಅದರ ಮುಂದಿಟ್ಟು, ಕೆಚ್ಚಲಿಗೆ ಬೆಚ್ಚನೆ ನೀರು ಚಿಮುಕಿಸಿ, ತಂಬಿಗೆಯನ್ನು ಮೊಣಕಾಲ ಸಂದಿಯಲ್ಲಿಟ್ಟುಕೊಂಡು ಹಾಲು ಕರೆಯಲು ಕೂತೆ.